ಗೋಡೆ ಕಡೆ ತಿರುಗಿದ ಲಾರಿ

ಹೊಳೆದಂಡೆಯ ಹಳೇ ಪಂಪ್‌ಹೌಸಿನಲ್ಲಿ ಒಬ್ಬ ಗುರುಗಳಿದ್ದರು. ಅವರು ಕಲಿಸುತ್ತಿದ್ದುದು ವೇದಾಂತವನ್ನಲ್ಲ. ಗೇಣುದ್ದದ ಮಿಲಿಟರಿ ಲಾರಿ, ಜೀಪು, ಟ್ಯಾಂಕುಗಳನ್ನು ಮಾಡುವುದನ್ನು.

ಹೆಸರು ಕಾಳಾಚಾರ್. ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರು ಹತ್ತಿರದಿಂದ ಕಂಡ ಮಿಲಿಟರಿ ಎಂದರೆ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಮಿಲಿಟರಿ ಹೋಟೆಲ್ ಒಂದೇ, ಅದರೊಳಗೂ ಅವರು ಕಾಲಿಟ್ಟವರಲ್ಲ. ಆದರೂ ಅವರು ಮಾಡಿದ ಜೀಪನ್ನು ನೋಡಿದವರು ಬಗ್ಗಿ ಹಾರನ್ ಎಲ್ಲಿದೆ ಎಂದು ಹುಡುಕುತ್ತಿದ್ದರು.

ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳನ್ನು ಅವರು ಮುಟ್ಟುತ್ತಿರಲಿಲ್ಲ. ಪೆನ್ನಿನ ಖಾಲಿ ರೀಫಿಲ್ಲು ಸೈಲೆನ್ಸರ್ ಆಗುತ್ತಿತ್ತು. ಮಾತ್ರೆಯ ಹಾಳೆ ಕನ್ನಡಿಯಾಗುತ್ತಿತ್ತು. ಮುಲಾಮಿನ ಟ್ಯೂಬನ್ನು ಸೀಳಿ ಟಾರ್ಪಾಲಿನ ಪಟ್ಟಿ ಕತ್ತರಿಸುತ್ತಿದ್ದರು.

ಅವರಿಗೆ ಶಿಷ್ಯೆ ಒಬ್ಬಳೇ, ಶಶಿರೇಖ. ವಯಸ್ಸು ಮೂವತ್ತೆಂಟು. ಪೇಟೆಯ ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಕೆಲಸ. ಕೈ ನಡುಗುವುದಿಲ್ಲ, ಕಣ್ಣು ತಪ್ಪುವುದಿಲ್ಲ. ತಾಳ್ಮೆ ಮಾತ್ರ ಅಷ್ಟಕ್ಕಷ್ಟೆ.

ಒಂದು ಭಾನುವಾರ ಬೆಳಿಗ್ಗೆ ಅವಳು ಬಟ್ಟೆಯಲ್ಲಿ ಸುತ್ತಿದ್ದ ಲಾರಿಯನ್ನು ತಂದು ಗುರುಗಳ ಮೇಜಿನ ಮೇಲಿಟ್ಟಳು. ಮುಖ ಬಾಡಿತ್ತು.

“ಅಪ್ಪ ಇದನ್ನ ನೋಡಿದ್ರು ಮೇಷ್ಟ್ರೇ.”

“ಏನಂದ್ರು?”

“ಏನೂ ಅನ್ನಲಿಲ್ಲ. ಒಂದು ನಿಮಿಷ ನೋಡಿದ್ರು. ಆಮೇಲೆ ಅದರ ಮೂತಿ ಗೋಡೆ ಕಡೆ ತಿರುಗಿಸಿ ಎದ್ದುಹೋದ್ರು.”

ಅವಳ ಅಪ್ಪ ಪುಟ್ಟಮಲ್ಲಪ್ಪ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಡ್ರೈವರ್ ಆಗಿದ್ದವರು. ಬೆಟ್ಟದ ಮೇಲಿನ ಠಾಣೆಗಳಿಗೆ ಮೂರು ಟನ್ನಿನ ಲಾರಿಯಲ್ಲಿ ರೇಷನ್ ಒಯ್ಯುತ್ತಿದ್ದರು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವರ ಬಾಯಲ್ಲಿ ಉಳಿದಿದ್ದು ಎರಡೇ ಮಾತು. ಒಂದು “ಹೂಂ”, ಇನ್ನೊಂದು “ಸಾಕು”.

ಅಪ್ಪನ ಟ್ರಂಕಿನಲ್ಲಿ ಶಶಿರೇಖಳಿಗೆ ಒಂದು ಫೋಟೊ ಸಿಕ್ಕಿತ್ತು. ಅದರಲ್ಲಿ ಲಾರಿಯ ಮುಂದೆ ನಿಂತ ಅಪ್ಪ ನಗುತ್ತಿದ್ದರು. ಅದನ್ನು ಎದುರಿಗಿಟ್ಟುಕೊಂಡು ಎಂಟು ತಿಂಗಳು ಕೂತು ಆ ಲಾರಿಯನ್ನು ಕಟ್ಟಿದ್ದಳು. ಇದನ್ನು ನೋಡಿ ಅಪ್ಪ ಒಂದು ಸಲ ಬಾಯಿಬಿಟ್ಟು ಮಾತಾಡಲಿ ಎಂಬುದೊಂದೇ ಅವಳ ಆಸೆ. ಅಪ್ಪ ಹೂಂ ಎಂದೂ ಅನ್ನಲಿಲ್ಲ.

ಗುರುಗಳು ಭೂತಗನ್ನಡಿ ಹಿಡಿದು ಲಾರಿಯನ್ನು ಸುತ್ತಲೂ ನೋಡಿದರು. ಹಲ್ಲಿನ ತಂತಿಯಿಂದ ಮಾಡಿದ ಬಾಗಿಲ ಹಿಡಿ, ಹಲ್ಲಿನ ಸೆಟ್ಟಿಗೆ ಬಳಸುವ ಪುಡಿಯಿಂದಲೇ ಎರಕ ಹೊಯ್ದ ನೀರಿನ ಕ್ಯಾನು, ಒಂದೂ ತಪ್ಪದಂತೆ ಕೂರಿಸಿದ ಬೋಲ್ಟುಗಳು. ಎಲ್ಲದರ ಮೇಲೂ ಕೆಂಪಗೆ ತುಕ್ಕು.

“ತುಕ್ಕು ಯಾವುದರಲ್ಲಿ ಮಾಡ್ದೆ?”

“ಇಟ್ಟಿಗೆ ಪುಡಿ, ವಾರ್ನಿಷ್. ನಿಜವಾದ ತುಕ್ಕಿನ ಥರಾನೇ ಇದೆ ಅಲ್ವಾ ಮೇಷ್ಟ್ರೇ?”

“ನಿಜವಾದ್ದಕ್ಕಿಂತ ಚೆನ್ನಾಗಿದೆ. ಯಾರು ಮಾಡಿದ್ದು?”

“ನಾನೇ.”

“ನೀನಲ್ಲ. ಆ ಬೆಟ್ಟದ ಮೇಲೆ, ಈ ಲಾರಿಗೆ ತುಕ್ಕು ಹಿಡಿಸಿದ್ದು ಯಾರು?”

ಶಶಿರೇಖ ಯೋಚಿಸಿದಳು. “ಮಳೆ ಇರಬೇಕು. ಹಿಮ.”

“ಮಡ್‌ಗಾರ್ಡು ತಗ್ಗಾಗಿದೆಯಲ್ಲ, ಅದು?”

“ಎಲ್ಲೋ ಗುದ್ದಿರುತ್ತೆ.”

“ಯಾರು ಗುದ್ದಿದ್ದು?”

ಅವಳಿಗೆ ರೇಗಿತು. “ಹಳೇ ಲಾರಿ ಅಂದ್ಮೇಲೆ ಹಾಗೇ ಇರುತ್ತೆ ಮೇಷ್ಟ್ರೇ. ಇಂಟರ್‌ನೆಟ್ಟಲ್ಲಿ ನೋಡಿ ಬೇಕಾದ್ರೆ, ಎಲ್ಲರೂ ಹೀಗೇ ಮಾಡ್ತಾರೆ.”

“ಎಲ್ಲರ ಅಪ್ಪಂದಿರೂ ಗೋಡೆ ಕಡೆ ತಿರುಗಿಸ್ತಾರಾ?”

ಅವಳು ಲಾರಿಯ ಮೂತಿಯನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಅಪ್ಪ ಯಾಕೆ ಹಾಗೆ ಮಾಡಿದ್ರು ಮೇಷ್ಟ್ರೇ?”

“ನಂಗೇನು ಗೊತ್ತಮ್ಮ? ಹೋಗಿ ಮರಿಗಂಗಣ್ಣನ ಹರಿಗೋಲಲ್ಲಿ ಕೂತು ಆಚೆ ದಡಕ್ಕೆ ಹೋಗಿ ಬಾ. ಅದು ಎಲ್ಲೆಲ್ಲಿ ಸವೆದಿದೆ ನೋಡ್ಕೊಂಡು ಬಾ.”

ಲಾರಿಯ ವಿಷಯ ಕೇಳಿದರೆ ಹರಿಗೋಲು ಹತ್ತಿಸುವ ಗುರುಗಳ ಮೇಲೆ ಶಶಿರೇಖಳಿಗೆ ಸಿಟ್ಟು ಬಂತು. ಆದರೂ ಹೋದಳು.

ನೋಡುತ್ತಾ ಹೋದಂತೆ ಸಿಟ್ಟು ಮರೆತುಹೋಯಿತು. ಮರಿಗಂಗಣ್ಣ ಹಿಡಿದಿದ್ದ ಹುಟ್ಟು ಎರಡೇ ಕಡೆ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಮೇಲೊಂದು ಕೈಯ ಜಾಗ, ಕೆಳಗೊಂದು ಕೈಯ ಜಾಗ. ಉಳಿದ ಕಡೆ ಮರ ಒರಟಾಗಿಯೇ ಇತ್ತು. ಹರಿಗೋಲಿನ ಅಂಚು ಅವನು ಮಂಡಿ ಊರುವ ಕಡೆ ಮಾತ್ರ ಚಪ್ಪಟೆಯಾಗಿತ್ತು. ಇಷ್ಟು ವರ್ಷ ಇದೇ ಹರಿಗೋಲಿನಲ್ಲಿ ಹೊಳೆ ದಾಟಿದ್ದಳು, ಒಂದು ದಿನವೂ ಇದನ್ನು ಕಂಡಿರಲಿಲ್ಲ.

ಮಾತಿಗೆ ಮಾತು ಇರಲಿ ಎಂದು ಕೇಳಿದಳು. “ತುಂಬಾ ಹಳೇದಾಗಿದೆ ಅಲ್ವಾ ಗಂಗಣ್ಣ? ನೀರು ಸೋರುತ್ತಾ?”

ಮರಿಗಂಗಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿದ.

“ಯಾಕವ್ವಾ ಹಂಗಂತೀಯಾ? ಹದಿನೈದು ದಿನಕ್ಕೊಂದ್ಸಲ ಮಗುಚಾಕಿ ಡಾಂಬರು ಹಚ್ತೀನಿ. ಸೋರೋ ಹರಿಗೋಲಲ್ಲಿ ಜನ ಕೂರ್ಸೋನಾ ನಾನು?”

ಆಮೇಲೆ ದಡ ಮುಟ್ಟುವವರೆಗೂ ಜೋರಾಗಿ ಹುಟ್ಟು ಹಾಕಿದ. ಇಳಿಯುವಾಗ ದಿನದಂತೆ ಕೈ ಕೊಡಲಿಲ್ಲ, ಮುಖ ನೀರಿನ ಕಡೆ ತಿರುಗಿಸಿಕೊಂಡ.

ಶಶಿರೇಖ ಮರಳಿನಲ್ಲಿ ಇಳಿದವಳು ಅಲ್ಲೇ ನಿಂತಳು. ಹೀಗೆಯೇ ಗೋಡೆ ಕಡೆ ತಿರುಗಿದ್ದ ಲಾರಿಯ ಮೂತಿ ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಪಂಪ್‌ಹೌಸಿಗೆ ವಾಪಸ್ ಬಂದಾಗ ಗುರುಗಳು ರೀಫಿಲ್ ಕತ್ತರಿಸುತ್ತಿದ್ದರು.

“ಗಂಗಣ್ಣ ಕೋಪ ಮಾಡ್ಕೊಂಡ್ರು ಮೇಷ್ಟ್ರೇ.”

“ಏನು ಕೇಳ್ದೆ?”

“ಸೋರುತ್ತಾ ಅಂತ.”

“ಅಯ್ಯೋ ಪುಣ್ಯಾತ್ಗಿತ್ತಿ.”

“ಅಪ್ಪನಿಗೂ ನಾನು ಅದನ್ನೇ ಕೇಳಿದ್ದೀನಿ. ಇಪ್ಪತ್ತೆರಡು ವರ್ಷ ನೀನು ಗಾಡಿ ನೋಡ್ಕೊಂಡಿದ್ದು ಇಷ್ಟೇನಾ ಅಂತ. ಎಂಟು ತಿಂಗಳು ಕೂತು, ಈ ತುಕ್ಕಲ್ಲೇ ಕೇಳಿದ್ದೀನಿ.”

ಗುರುಗಳು ಥಿನ್ನರ್ ಬಾಟಲನ್ನೂ ಒಂದು ಹಳೇ ಬ್ರಷ್ಷನ್ನೂ ಅವಳ ಕಡೆ ತಳ್ಳಿದರು.

ತುಕ್ಕು ಹೋಯಿತು. ಜೊತೆಗೆ ಬಣ್ಣವೂ ಹೋಯಿತು. ತಗ್ಗಾದ ಮಡ್‌ಗಾರ್ಡನ್ನು ಕಿತ್ತು ಹೊಸದು ಮಾಡಿದಳು. ಎರಡು ವಾರದ ಮೇಲೆ ಹೊಸದಾಗಿ ಹಸಿರು ಬಣ್ಣ ಹೊಡೆದ ಲಾರಿಯನ್ನು ತಂದಿಟ್ಟು ಗಲ್ಲಕ್ಕೆ ಕೈಕೊಟ್ಟು ಕೂತಳು.

“ಆಟದ ಸಾಮಾನಿನ ಥರ ಕಾಣ್ತಿದೆ ಮೇಷ್ಟ್ರೇ. ಜೀವ ಇಲ್ಲ. ಎಲ್ಲಿ ಏನಿತ್ತು ಅಂತ ಅಪ್ಪನ್ನೇ ಕೇಳಿಬಿಡ್ಲಾ?”

“ನಾಲ್ಕು ವರ್ಷ ಕೇಳಿದ್ದೀಯಲ್ಲ. ಹೇಳಿದ್ರಾ?”

“ಇಲ್ಲ.”

“ಹಾಗಾದ್ರೆ ಅವರ ಬಾಯಿ ನೋಡೋದು ಬಿಡು. ಕೈ ನೋಡು.”

ಶಶಿರೇಖ ಮನೆಗೆ ಹೋಗಿ ಅಪ್ಪನ ಕೈ ನೋಡಲು ಶುರುಮಾಡಿದಳು. ಅದು ಹೇಳಿದಷ್ಟು ಸುಲಭವಲ್ಲ. ಇಷ್ಟು ವರ್ಷ ಅವಳು ಅಪ್ಪನ ಬಾಯನ್ನೇ ನೋಡುತ್ತಿದ್ದಳು, ಈಗ ಏನಾದರೂ ಹೇಳುತ್ತಾರೆ, ಆಗ ಏನಾದರೂ ಹೇಳುತ್ತಾರೆ ಎಂದು. ಕೈ ಏನು ಮಾಡುತ್ತಿದೆ ಎಂದು ನೋಡಿರಲಿಲ್ಲ.

ಮುಂದಿನ ಭಾನುವಾರ ಬಂದವಳ ದನಿ ಸಣ್ಣಗಾಗಿತ್ತು.

“ಮೇಷ್ಟ್ರೇ, ನನ್ನ ಸ್ಕೂಟರನ್ನ ಅಪ್ಪ ದಿನಾ ಒರೆಸ್ತಾರೆ. ನಾನು ಏಳೋದ್ರೊಳಗೆ. ಟೈರನ್ನ ಬೆರಳಲ್ಲಿ ಒತ್ತಿ ನೋಡ್ತಾರೆ. ನಂಗೆ ಗೊತ್ತೇ ಇರ್ಲಿಲ್ಲ. ಆರು ವರ್ಷ ಆಯ್ತು, ಒಂದು ದಿನವೂ ದಾರೀಲಿ ಕೈಕೊಟ್ಟಿಲ್ಲ. ಕಂಪನಿ ಒಳ್ಳೇದು ಅಂದ್ಕೊಂಡಿದ್ದೆ.”

ಅವಳ ಕಣ್ಣು ತುಂಬಿತ್ತು. ಗುರುಗಳು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ.

“ಯಾವ ಕೈಲಿ ಒರೆಸ್ತಾರೆ?”

ಅವಳು ಕಣ್ಣೊರೆಸಿಕೊಂಡು ನೆನಪು ಮಾಡಿಕೊಂಡಳು. “ಎಡಗೈಲಿ. ಬಲಗೈನ ಹೆಡ್‌ಲೈಟ್ ಮೇಲೆ ಇಟ್ಟಿರ್ತಾರೆ. ಹಸು ಮೈ ತೊಳೆಯೋವಾಗ ಅದರ ಬೆನ್ನ ಮೇಲೆ ಕೈ ಇಡ್ತಾರಲ್ಲ, ಹಾಗೆ.”

“ಬಟ್ಟೆ ಎಲ್ಲಿಡ್ತಾರೆ?”

“ನಾಲ್ಕು ಮಡಿಕೆ ಮಾಡಿ ಸೀಟಿನ ಕೆಳಗೆ.”

“ಹತ್ತೋವಾಗ?”

“ಸ್ಕೂಟರ್ ಹತ್ತಲ್ಲ ಅವ್ರು. ಆದ್ರೆ ಮನೆ ಮೆಟ್ಲು ಹತ್ತೋವಾಗ ಯಾವಾಗ್ಲೂ ಎಡಗಾಲು ಮೊದಲು. ಬಾಗಿಲ ಚೌಕಟ್ಟು ಹಿಡ್ಕೊಂಡೇ ಹತ್ತೋದು. ವಯಸ್ಸಾಯ್ತು ಅಂತ ಅಂದ್ಕೊಂಡಿದ್ದೆ.”

“ಈಗ?”

ಶಶಿರೇಖ ಹಸಿರು ಲಾರಿಯನ್ನು ನೋಡಿದಳು. ಅದರ ಬಾಗಿಲು, ಬಾಗಿಲ ಕೆಳಗಿನ ಮೆಟ್ಟಿಲು, ಪಕ್ಕದ ಹಿಡಿ. “ಈಗ ಗೊತ್ತಾಯ್ತು,” ಎಂದಳು.

ಅಂದು ಅವಳು ಮಾಡಿದ ಕೆಲಸ ಬಹಳ ಕಡಿಮೆ. ಮೆಟ್ಟಿಲಿನ ಅಂಚಿನಲ್ಲಿ ಎಡ ಬೂಟು ಬೀಳುವಷ್ಟು ಜಾಗದಲ್ಲಿ ಬಣ್ಣ ತೆಳುಮಾಡಿದಳು. ಬಾಗಿಲ ಪಕ್ಕದ ಹಿಡಿಗೆ ಪೆನ್ಸಿಲ್ಲಿನ ಸೀಸ ಉಜ್ಜಿದಳು, ಅದು ಕಬ್ಬಿಣದಂತೆ ಹೊಳೆಯಿತು. ಬಾನೆಟ್ಟಿನ ಬಲಗಡೆ, ದೀಪದ ಮೇಲುಭಾಗದಲ್ಲಿ, ಒಂದು ಅಂಗೈಯಷ್ಟು ಜಾಗವನ್ನು ಬಟ್ಟೆಯಿಂದ ತಿಕ್ಕಿ ನುಣುಪು ಮಾಡಿದಳು. ಆ ಅಂಗೈ ಒಂದು ಅಕ್ಕಿಕಾಳಿಗಿಂತ ಚಿಕ್ಕದಿತ್ತು. ಕೊನೆಗೆ ಟಿಶ್ಯೂ ಕಾಗದದ ಚೂರನ್ನು ಗೋಂದಿನಲ್ಲಿ ಅದ್ದಿ, ನಾಲ್ಕು ಮಡಿಕೆ ಮಾಡಿ, ಚಿಮಟದಿಂದ ಡ್ರೈವರ್ ಸೀಟಿನ ಕೆಳಗೆ ತೂರಿಸಿದಳು.

“ಅದು ಹೊರಗೆ ಕಾಣಲ್ಲ ಮೇಷ್ಟ್ರೇ.”

“ಯಾರಿಗೆ ಕಾಣಲ್ಲ?” ಎಂದರು ಗುರುಗಳು.

ವಾರ ಕಳೆಯಿತು. ಭಾನುವಾರ ಶಶಿರೇಖ ಲಾರಿಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಾ ಬಂದಳು. ಕೂರುವ ಮೊದಲೇ ಶುರುಮಾಡಿದಳು.

“ನಾಲ್ಕು ತಪ್ಪು ಹುಡುಕಿದ್ರು ಮೇಷ್ಟ್ರೇ. ನಾಲ್ಕು.”

“ಕೂತ್ಕೊ ಮೊದಲು. ಯಾರು?”

“ಇನ್ಯಾರು, ಅಪ್ಪ. ನಾನು ಏನೂ ಹೇಳದೆ ಟೀ ಜೊತೆಗೆ ಲಾರಿನೂ ಮುಂದೆ ಇಟ್ಟು ಒಳಗೆ ಹೋದೆ. ಬಗ್ಗಿ ನೋಡಿದ್ರೆ ಕನ್ನಡಕ ಹಾಕ್ಕೊಂಡಿದಾರೆ. ಲಾರಿನ ಎತ್ತಿ ಸೀಟಿನ ಕೆಳಗೆ ನೋಡಿದ್ರು. ಬಾನೆಟ್ ಮೇಲೆ ಬೆರಳಿಟ್ರು, ಆ ನುಣ್ಣಗಿರೋ ಕಡೆ. ಆಮೇಲೆ ನನ್ನ ಕರೆದ್ರು.”

“ಏನಂತ?”

“ಇಲ್ಲಿ ಬಾ ಅಂತ. ‘ಕನ್ನಡಿ ತಪ್ಪಾಗಿ ಕೂತದೆ. ಇಷ್ಟು ಮೇಲಕ್ಕಿದ್ರೆ ನಂಗೆ ಹಿಂದಿನ ಗಾಡಿ ಕಾಣಲ್ಲ, ಆಕಾಶ ಕಾಣ್ತದೆ’ ಅಂದ್ರು. ಟಾರ್ಪಾಲಿನ ಗಂಟು ನೋಡಿ ನಕ್ಕುಬಿಟ್ರು ಮೇಷ್ಟ್ರೇ. ‘ಗ್ಲೌಸ್ ಹಾಕ್ಕೊಂಡು ಈ ಗಂಟು ಬಿಚ್ಚೋಕಾಯ್ತದೇನವ್ವಾ, ಚಳಿಗೆ ಬೆರಳು ಸೆಟ್ಕೊಂಡಿರ್ತವೆ’ ಅಂದ್ರು. ನೀರಿನ ಕ್ಯಾನು ಆ ಕಡೆಗೆ ಇರಬೇಕಂತೆ, ಬಿಸಿಲು ಬೀಳೋ ಕಡೆ. ಇಲ್ದಿದ್ರೆ ಕಲ್ಲಾಗೋಗುತ್ತಂತೆ.”

“ಎಷ್ಟು ಹೊತ್ತು ಹೇಳಿದ್ರು?”

“ಅವರ ಟೀ ಎರಡು ಸಲ ಬಿಸಿ ಮಾಡಿದೆ.”

ಗುರುಗಳು ತಲೆಯಾಡಿಸಿದರು. “ಮೂರಾಯ್ತು. ನಾಲ್ಕನೇದು?”

“ಪಕ್ಕದ ಸೀಟು. ‘ಅದನ್ನ ಯಾಕೆ ಖಾಲಿ ಬಿಟ್ಟಿದ್ದೀಯಾ’ ಅಂದ್ರು. ಅಲ್ಲೊಂದು ಮಡಿಚಿದ ಕಂಬಳಿ ಇರ್ತಿತ್ತಂತೆ. ಪೆರುಮಾಳಂಗೆ ಸೊಂಟ ನೋವು, ಕಂಬಳಿ ಇಲ್ದೆ ಕೂರಕ್ಕಾಗ್ತಿರ್ಲಿಲ್ಲ ಅಂದ್ರು.”

“ಪೆರುಮಾಳ್ ಯಾರು?”

“ಗೊತ್ತಿಲ್ಲ. ಆ ಹೆಸರು ನಾನು ಕೇಳೇ ಇಲ್ಲ. ಅಮ್ಮನೂ ಹೇಳಿರ್ಲಿಲ್ಲ. ಅಷ್ಟು ಹೇಳಿ ಅಪ್ಪ ಕನ್ನಡಕ ತೆಗೆದು ಒರೆಸ್ತಾ ಕೂತ್ರು. ತುಂಬಾ ಹೊತ್ತು ಒರೆಸಿದ್ರು.”

ಹೊಳೆಯ ಕಡೆಯಿಂದ ಗಾಳಿ ಬಂದು ಮೇಜಿನ ಮೇಲಿನ ಮಾತ್ರೆ ಹಾಳೆಗಳು ಅಲುಗಿದವು. ಗುರುಗಳು ಅವುಗಳ ಮೇಲೆ ಸುತ್ತಿಗೆ ಇಟ್ಟರು.

ಶಶಿರೇಖ ಆಗಲೇ ತನ್ನ ಡಬ್ಬಿ ತೆರೆದಿದ್ದಳು. ಚಿಮಟ, ಬ್ಲೇಡು, ಅಂಟು, ಒಂದು ಚೂರು ಕಂದು ಉಣ್ಣೆಬಟ್ಟೆ ಎಲ್ಲವನ್ನೂ ಸಾಲಾಗಿ ಜೋಡಿಸಿದಳು.

“ಕಂಬಳಿಗೆ ಬಟ್ಟೆನೂ ಹುಡುಕಿ ತಂದಿದ್ದೀನಿ. ಮಧ್ಯಾಹ್ನದೊಳಗೆ ನಾಲ್ಕೂ ಸರಿ ಮಾಡ್ಬಿಡ್ತೀನಿ ಮೇಷ್ಟ್ರೇ. ಸಂಜೆ ಅಪ್ಪ ನೋಡೋವಾಗ ಒಂದು ತಪ್ಪೂ ಇರಬಾರದು. ಹೇಳೋಕೆ ಏನೂ ಉಳಿದಿರಬಾರದು.”

ಹೇಳಿದ ಮಾತು ಅವಳ ಕಿವಿಗೇ ಬಿತ್ತೇನೋ, ಚಿಮಟ ಹಿಡಿದ ಕೈ ಅಲ್ಲೇ ನಿಂತಿತು.

ಗುರುಗಳು ಉಣ್ಣೆಬಟ್ಟೆಯ ಚೂರನ್ನು ಎತ್ತಿ ಮಡಿಚಿ ತಮ್ಮ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

“ಕನ್ನಡಿ ಒಂದನ್ನೇ ಸರಿ ಮಾಡ್ಕೊಂಡು ಹೋಗು.”

“ಕಂಬಳಿ ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ ಮೇಷ್ಟ್ರೇ?”

“ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಪ್ಪ ಅನ್ನು.”