ನಾರ್ಣ ಆರಿಸಿದ ಹಡಗು

ಬಂದರಿನ ಊರೊಂದರಲ್ಲಿ ಗುಲಾಬಿ ಅಂತ ಒಬ್ಬ ಹೆಂಗಸು. ಅವಳಿಗೊಬ್ಬ ಮಗ, ನಾರ್ಣ. ವಯಸ್ಸು ಮೂವತ್ತು, ಬುದ್ಧಿ ಮೂರರದ್ದು. ಕೆಟ್ಟವನಲ್ಲ ಪಾಪ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅನ್ನ ಉಕ್ಕುವ ತನಕ ಕಾಯಿ ಅಂದರೆ, ಒಲೆ ಹಚ್ಚದ ಪಾತ್ರೆಯ ಮುಂದೆ ಸಂಜೆವರೆಗೂ ಕೂತಿರುವ ಜಾತಿ. ಇವನನ್ನು ಕಟ್ಟಿಕೊಂಡು ಏನು ಮಾಡಲಿ ಅಂತ ಗುಲಾಬಿ ದಿನಕ್ಕೆ ನಾಲ್ಕು ಸಲ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಬೇಸಿಗೆ ರಜೆಗೆ ಬೊಂಬಾಯಿಯಿಂದ ಮಗಳು ಜಲಜ ಬಂದಳು, ಎರಡು ಮಕ್ಕಳು, ಅವರನ್ನು ಬಿಟ್ಟು ಹೋಗಲು ಗಂಡ. ಈ ಸಲ ಉಳಿದ ಐವರೂ ಕೂಡಿ ಹಡಗಿನಲ್ಲಿ ಐದು ದಿನ ದ್ವೀಪ ಸುತ್ತಿ ಬರೋಣ ಅಂತ ಅವಳಿಗೆ ಆಸೆ. ಗುಲಾಬಿ ಬೇಡವೇ ಬೇಡ ಅಂದಳು. ಅವಳ ಗಂಡ ಶೀನ ಹನ್ನೆರಡು ವರ್ಷದ ಹಿಂದೆ ಮೀನಿಗೆ ಅಂತ ಹೋದವನು, ಹೆಣವಾಗಿಯೂ ವಾಪಸು ಬರಲಿಲ್ಲ. ಮೊಮ್ಮಕ್ಕಳು ಸೀರೆ ಹಿಡಿದು ಜಗ್ಗಿದ ಮೇಲೆ ಒಪ್ಪಿದಳು. ಆದರೆ ಒಂದೇ ಮಾತು: ಹೋದವರು ಅಷ್ಟೂ ಜನ ತಿರುಗಿ ಬರಬೇಕು. ಅಂಥ ಹಡಗು ಆರಿಸಬೇಕು.

ಬಂದರಿಗೆ ಹೋಗಿ ಆರಿಸುವುದು ಯಾರು? ಗುಲಾಬಿಗೆ ಮಂಡಿ ನೋವು, ಜಲಜಳಿಗೆ ಮಕ್ಕಳ ಕಾಟ. ನಾರ್ಣನೇ ಹೊರಟ. ಸಣ್ಣದು ಬೇಡ, ಅಲ್ಲಿರುವುದರಲ್ಲೇ ದೊಡ್ಡದನ್ನು ಗೊತ್ತು ಮಾಡು ಅಂದಳು ಅಮ್ಮ. ನಾರ್ಣ ಹೋದ, ಅಳೆದ, ಗೊತ್ತು ಮಾಡಿ ಬಂದ. ಅದು ಅದಿರಿನ ಹಡಗು. ಮಲಗಲು ಅದಿರಿನ ರಾಶಿ, ಹೊದೆಯಲು ಟಾರ್ಪಾಲು.

ಗುಲಾಬಿ ಬೈದಳು, ಬೈದು ಸುಸ್ತಾದಳು. ಆಮೇಲೆ ಕೂರಿಸಿಕೊಂಡು ಹೊಸ ಬುದ್ಧಿ ಹೇಳಿದಳು. "ದೊಡ್ಡದಾದ್ರೆ ಎಂತ ಆಯ್ತು ಮಗಾ? ಹಡಗು ನಿಲ್ಲೋ ಧಕ್ಕೆ ಮೂರು ಉಂಟು, ಮೂರು ಹಡಗು ಬತ್ತದೆ. ಇಳಿಯೋರ ಬಾಯಿ ನೋಡು. ಯಾವ ಹಡಗಿನ್ ಮೇಲೆ ಒಬ್ರೂ ದೂರು ಹೇಳೂದಿಲ್ವೋ, ಅದೇ ಒಳ್ಳೇದು."

ನಾರ್ಣ ಹೋದ. ಮೊದಲನೇ ಧಕ್ಕೆಯಲ್ಲಿ ಹಡಗು ನಿಂತಿತು. ಇಳಿದವರೆಲ್ಲ ಸಾರಿನಲ್ಲಿ ಉಪ್ಪಿಲ್ಲ ಅಂತ ದೂರಿದರು. ಬೇಡ. ಎರಡನೇ ಧಕ್ಕೆಯಲ್ಲಿ ಹಡಗು ನಿಂತಿತು. ಇಳಿದವರೆಲ್ಲ ವಾಂತಿ ಮಾಡಿ ಸಾಕಾಯಿತು ಅಂತ ದೂರಿದರು. ಬೇಡ. ಮೂರನೇ ಧಕ್ಕೆ ಮುರಿದು ಪಾಚಿ ಕಟ್ಟಿದ್ದು, ಅಲ್ಲಿ ಬಲೆ ಒಣಗಿಸಲಿಕ್ಕೂ ಯಾರೂ ಹೋಗುವುದಿಲ್ಲ. ಗಂಡ ಹೋದಮೇಲೆ ಬಂದರಿಗೆ ಕಾಲಿಡದ ಗುಲಾಬಿಗೆ ಅದು ಗೊತ್ತಿರಲಿಲ್ಲ. ನಾರ್ಣ ಅಲ್ಲಿಗೂ ಹೋದ. ಒಂದು ಬೂದು ಬಣ್ಣದ ಹಡಗು ಸದ್ದಿಲ್ಲದೆ ಬಂದು ನಿಂತಿತು. ನಾರ್ಣ ಕಾದ. ಬಿಸಿಲು ನೆತ್ತಿಗೆ ಬರುವ ತನಕ ಕಾದ. ಒಬ್ಬರೂ ಇಳಿಯಲಿಲ್ಲ. ಒಬ್ಬರೂ ದೂರಲಿಲ್ಲ. ಅಬ್ಬ, ಇದೇ ಒಳ್ಳೆಯದು ಅಂದುಕೊಂಡ.

ಹಡಗಿನ ಪಕ್ಕದಲ್ಲಿ ಮೇಜು ಹಾಕಿಕೊಂಡು ಗುಮಾಸ್ತನೊಬ್ಬ ಕೂತಿದ್ದ. ತಲೆ ಎತ್ತಲಿಲ್ಲ. ಅವನ ಪುಸ್ತಕದ ಹಾಳೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಐದು ಜಾಗ ಕೊಟ್ಟು, ಹೆಸರು ಹೇಳು ಅಂದ. ಹೆಸರು ಹೇಳೆಂದು ಅಮ್ಮ ಹೇಳಿರಲಿಲ್ಲವಲ್ಲ! ನಾರ್ಣ ಹೇಳದೆ ಬಂದ.

ಒಂದು ದೂರೂ ಇಲ್ಲದ ಹಡಗು ಸಿಕ್ಕಿದ್ದಕ್ಕೆ ಗುಲಾಬಿ ಹಿಗ್ಗಿದಳು, ಹೆಸರು ಕೊಡದೆ ಬಂದದ್ದಕ್ಕೆ ಬೈದಳು. ಹೋಗು, ಮನೆಯವರ ಹೆಸರು ಕ್ರಮವಾಗಿ ಹೇಳು, ದೊಡ್ಡವರಿಂದ ಶುರು ಮಾಡು, ಒಬ್ಬರನ್ನೂ ಬಿಡಬೇಡ ಅಂತ ಅಟ್ಟಿದಳು. ನಾರ್ಣನಿಗೆ ಗೊತ್ತಿದ್ದ ಕ್ರಮ ಒಂದೇ. ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ ಎಡೆ ಇಡುವಾಗ ಒಬ್ಬೊಬ್ಬರ ಹೆಸರು ಕೂಗಿ ಕರೆಯುತ್ತಾರಲ್ಲ, ಆ ಕ್ರಮ. ಅದನ್ನೇ ಹೇಳಿದ. ಮುತ್ತಜ್ಜ ಕೋಟ, ಮುತ್ತಜ್ಜಿ ಚಿಕ್ಕು, ಅಜ್ಜ ಬಚ್ಚ, ಅಜ್ಜಿ ಅಕ್ಕಣಿ, ಅಪ್ಪ ಶೀನ. ಅಲ್ಲಿಗೆ ಐದು ಜಾಗವೂ ತುಂಬಿತು, ಗುಮಾಸ್ತ ಪುಸ್ತಕ ಮಡಚಿದ.

ನಾರ್ಣ ಮನೆಗೆ ಬರುವಾಗ ಜಲಜಳ ಗಂಡ ಬೊಂಬಾಯಿಗೆ ಹೊರಟು ನಿಂತಿದ್ದ. ಅವನಿಗೆ ಹೋಟೆಲಿನ ಕೆಲಸ, ರಜೆ ಇಲ್ಲ. ಬಸ್ಸು ಹತ್ತುತ್ತ, ಹೊರಡಲೇ ಭಾವ ಅಂತ ಕೇಳಿದ. ನಾರ್ಣ, ಹ್ಞೂಂ, ಹೋಗಿ ಅಂದ. ಜಲಜ ಕಣ್ಣೀರು ಹಾಕಿದಳು. ಗುಲಾಬಿ ಅವತ್ತು ಬೈದ ಹಾಗೆ ಯಾವತ್ತೂ ಬೈದಿರಲಿಲ್ಲ.

"ನಮ್ಮವ್ರಿಗೆ ಬರೀ ಹೋಗಿ ಅಂತಾರಾ ಯಾರಾದ್ರೂ? ಹೋಗಿ ಬನ್ನಿ ಅನ್ಬೇಕು. ವಾರ ಹೇಳಿ ಊಟಕ್ಕೆ ಕರೀಬೇಕು. ಎಲ್ಲರನ್ನೂ ಕರೀಬೇಕು. ನೆನಪಿಟ್ಕೋ."

ನಾರ್ಣ ನೆನಪಿಟ್ಟುಕೊಂಡ.

ಗುರುವಾರ ಮಧ್ಯಾಹ್ನ ಗಂಟುಮೂಟೆ ಸಮೇತ ಐವರೂ ಮೂರನೇ ಧಕ್ಕೆಗೆ ಬಂದರು. ಹಡಗಿನ ಕಟಕಟೆಯ ತುಂಬ ಜನ ಸಾಲಾಗಿ ನಿಂತಿದ್ದರು. ಮಾತಿಲ್ಲ, ನಗುವಿಲ್ಲ. ಸುಡುಬಿಸಿಲಿನಲ್ಲೂ ಅವರ ಬಟ್ಟೆಯಿಂದ ನೀರು ಸುರಿಯುತ್ತಿತ್ತು. ಜಲಜಳ ಮಗಳು ರಿತು ಓಡಿ ಹೋಗಿ ಹಡಗಿಗೆ ಹಾಕಿದ್ದ ಹಲಗೆ ಹತ್ತಿಯೇಬಿಟ್ಟಳು.

ಗುಲಾಬಿಗೆ ಏನೋ ಸರಿ ಕಾಣಲಿಲ್ಲ. "ನಾರ್ಣಾ, ಈ ಹಡಗಿಂದ ಇಳಿದೋರು ಎಂತ ಅಂದ್ರು?"

"ಇಳಿದೋರೇ ಇಲ್ಲ ಅಮ್ಮ. ಒಬ್ರೂ ಇಳೀಲಿಲ್ಲ, ಒಬ್ರೂ ದೂರ್ಲಿಲ್ಲ."

ಗುಲಾಬಿ ಮಂಡಿ ನೋವು ಮರೆತು ಹಲಗೆಯ ಕಡೆ ಓಡಿದಳು. ಅಷ್ಟರಲ್ಲಿ ಗುಮಾಸ್ತ ಕೈ ಅಡ್ಡ ಹಿಡಿದು ಮಗುವನ್ನು ತಡೆದ, ಪುಸ್ತಕ ತೆಗೆದು ಓದಿದ. ಕೋಟ. ಹಲಗೆ ಕಿರ್ರೆಂದು ಬಾಗಿತು. ಯಾರೂ ಕಾಣಲಿಲ್ಲ, ಒಣ ಹಲಗೆಯ ಮೇಲೆ ಒದ್ದೆ ಹೆಜ್ಜೆಗಳು ಮಾತ್ರ ಮೂಡುತ್ತ ಮೇಲೆ ಹೋದವು. ಚಿಕ್ಕು. ಬಚ್ಚ. ಅಕ್ಕಣಿ. ಹೆಸರಿಗೊಂದು ಸಾಲು ಹೆಜ್ಜೆ. ಚಳಿ ತಾಗಿದಂತಾಗಿ ರಿತು ಹಲಗೆಯಿಂದ ಕೆಳಗೆ ಹಾರಿ ತಾಯಿಯನ್ನು ಅಪ್ಪಿಕೊಂಡಳು.

ಶೀನ, ಅಂತ ಓದಿದ ಗುಮಾಸ್ತ.

ಈ ಸಲದ ಹೆಜ್ಜೆಯಲ್ಲಿ ಎಡಗಾಲಿಗೆ ಹೆಬ್ಬೆರಳಿರಲಿಲ್ಲ. ಗಂಡನ ಹೆಬ್ಬೆರಳನ್ನು ಲಂಗರಿನ ಹಗ್ಗ ಕಿತ್ತಾಗ ಮದ್ದು ಕಟ್ಟಿದವಳು ಗುಲಾಬಿಯೇ. ಹೆಜ್ಜೆ ಅವಳ ಮುಂದೆ ಬಂದು ನಿಂತಿತು. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಿರುಗಿ ಹಲಗೆ ಹತ್ತಿತು.

ಐದು ಜನ ಆಯಿತು, ನಿಮಗೆ ಜಾಗವಿಲ್ಲ ಅಂದು ಗುಮಾಸ್ತ ಹಲಗೆ ಎಳೆದುಕೊಂಡ. ಹಡಗು ಸರಿಯತೊಡಗಿತು. ಗುಲಾಬಿ ಮಗನನ್ನು ತಬ್ಬಿಕೊಂಡಳು. ಪೆದ್ದನ ಪೆದ್ದುತನದಿಂದ ಎಲ್ಲರೂ ಉಳಿದುಕೊಂಡರಲ್ಲ!

ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಾರ್ಣನಿಗೆ ಅಮ್ಮನ ಮಾತು ನೆನಪಿತ್ತು. ಸತ್ತವರ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಅನ್ನಲಿಕ್ಕೂ ಹೆದರುವವರು ನಾವು. ಇವನು ಅಮ್ಮನ ತೋಳು ಬಿಡಿಸಿಕೊಂಡು, ಧಕ್ಕೆಯ ತುದಿಗೆ ಓಡಿ, ಬಾಯಿಗೆ ಎರಡೂ ಕೈ ಅಡ್ಡ ಇಟ್ಟು ಕೂಗಿದ.

"ಹೋಗಿ ಬನ್ನಿ! ಮಂಗಳವಾರ ನಮ್ಮನೆಗೆ ಊಟಕ್ಕೆ ಬನ್ನಿ! ಎಲ್ಲರೂ ಬನ್ನಿ!"

ಕಟಕಟೆಯ ಉದ್ದಕ್ಕೂ ನಿಂತಿದ್ದ ಅಷ್ಟೂ ತಲೆಗಳು ಒಟ್ಟಿಗೇ ಇವನ ಕಡೆ ತಿರುಗಿದವು. ಆಗಲಿ ಅನ್ನುವ ಹಾಗೆ ಒಟ್ಟಿಗೇ ಆಡಿದವು. ಗುಲಾಬಿ ಬಂದು ಅವನ ಬಾಯಿ ಮುಚ್ಚುವಷ್ಟರಲ್ಲಿ ಹಡಗು ಕಾಣದಾಗಿತ್ತು.

ಜಲಜ ಮರುದಿನವೇ ಮಕ್ಕಳನ್ನು ಕಟ್ಟಿಕೊಂಡು ಬೊಂಬಾಯಿಗೆ ಹೋದಳು. ನೀನೂ ಬಾ ಅಂತ ತಾಯಿಯನ್ನು ಬೇಡಿಕೊಂಡಳು. ಗುಲಾಬಿ ಹೋಗಲಿಲ್ಲ. ಹೆದರಿಕೆ ಇರಲಿಲ್ಲವೇ? ಇತ್ತು. ಆದರೂ ಹನ್ನೆರಡು ವರ್ಷದಿಂದ ಉಣ್ಣದವನು ಊಟಕ್ಕೆ ಬರುತ್ತೇನೆ ಅಂದಮೇಲೆ ಬಾಗಿಲು ಹಾಕಿಕೊಂಡು ಹೋಗಲು ಅವಳಿಗೆ ಮನಸ್ಸು ಬರಲಿಲ್ಲ.

ಮಂಗಳವಾರ ಎರಡು ಒಲೆ ಹಚ್ಚಿ ಬೇಯಿಸಿದಳು. ಐದು ಎಲೆ ಹಾಕಿದಳು, ಮಗನನ್ನು ಬಾಗಿಲಲ್ಲಿ ನಿಲ್ಲಿಸಿದಳು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಹೆಬ್ಬೆರಳಿಲ್ಲದ ಒದ್ದೆ ಹೆಜ್ಜೆ ಮೂಡಿತು. ನಾರ್ಣ ರಸ್ತೆಯ ಕಡೆ ನೋಡಿ, ಸಂತೋಷದಿಂದ ಒಳಗೆ ಕೂಗಿ ಹೇಳಿದ.

"ಅಮ್ಮ, ಅಪ್ಪ ಬಂದ. ಇನ್ನೂ ಎಲೆ ಹಾಕು, ಬಂದರಿನ ತನಕ ರಸ್ತೆ ಒದ್ದೆ ಉಂಟು."