ಗೀಜಗನ ಬ್ಲಾಗಿಗೆ ಬಂದ ಕಾಮೆಂಟು

ಕೆರೆಯಂಚಿನ ಜಾಲಿಮರದಲ್ಲಿ ಗೀಜಗವೊಂದು ಬ್ಲಾಗು ನಡೆಸುತ್ತಿತ್ತು. ದಿನಕ್ಕೊಂದು ಕತೆಯನ್ನು ಎಲೆಯ ಮೇಲೆ ಬರೆದು ಕೊಂಬೆಗೆ ಕಟ್ಟುತ್ತಿತ್ತು. ಕಾಗೆಗಳು ಬಂದು ಗಲಾಟೆ ಎಬ್ಬಿಸಿದವೆಂದು, ಕಾಮೆಂಟು ಹಾಕುವವರ ಹೆಜ್ಜೆಗುರುತನ್ನು ನೋಂದಾಯಿಸಿಕೊಳ್ಳಲು ಮರದ ಬುಡದಲ್ಲಿ ಏಡಿಯನ್ನು ಕೂರಿಸಿತು. ಅಂದಿನಿಂದ ಒಂದು ಕಾಮೆಂಟೂ ಇಲ್ಲ. “ಓದಿದವರೆಲ್ಲ ಮೈಮರೆತು ಕೂತಿರಬೇಕು,” ಎಂದು ಗೀಜಗ ಬೀಗಿತು.

ಒಂದು ಬೆಳಗ್ಗೆ ಕೆಳಗೆ ಜಗಳ ಕೇಳಿಸಿತು.

“ಹೆಜ್ಜೆ ಒತ್ತಿ ಅಂದರೆ ಗೆರೆ ಎಳೀತೀರಲ್ಲ!” ಎಂದು ಏಡಿ ರೇಗುತ್ತಿತ್ತು.

“ನನ್ನಿಂದ ಆಗೋದೇ ಅಷ್ಟು ಸ್ವಾಮಿ. ಏಳು ದಿನದಿಂದ ಅಲೆಸ್ತಿದ್ದೀರಿ,” ಎಂದು ಬಸವನಹುಳು ಗೋಗರೆಯಿತು.

ಗೀಜಗನಿಗೆ ಕನಿಕರ ಬಂತು. ಕೆಳಗಿಳಿದು, “ಇವರ ಬದಲು ನನ್ನ ಹೆಜ್ಜೆ ಒತ್ತಿಸಿಕೋ,” ಎಂದಿತು.

“ಈ ಹೆಜ್ಜೆ ಆಗಲೇ ನೋಂದಣಿಯಾಗಿದೆ,” ಎಂದ ಏಡಿ ಜಗ್ಗಲಿಲ್ಲ.

“ನಿನ್ನ ನೋಂದಣಿ ಹಾಳಾಗಲಿ! ಹೇಳಿ, ನನಗೇ ಹೇಳಿಬಿಡಿ,” ಎಂದು ಗೀಜಗ ಬಸವನಹುಳುವಿನತ್ತ ತಿರುಗಿ, ಹೊಗಳಿಕೆಗಾಗಿ ಎದೆಯುಬ್ಬಿಸಿ ನಿಂತಿತು.

“ಗೂಡು ನೇಯುವ ಹಾಗೆ ಜೋತುಬಿದ್ದೇ ಬರೀತೀರಲ್ಲ ರಾಯರೇ, ಅಕ್ಷರವೆಲ್ಲ ತಲೆಕೆಳಗಾಗಿದೆ,” ಎಂದಿತು ಬಸವನಹುಳು. “ಇದುವರೆಗೂ ಒಬ್ಬರಿಗೂ ಒಂದು ಸಾಲು ಓದಲಾಗಿಲ್ಲ. ಪಾಪ, ಆ ಕಾಗೆಗಳು ಕೂಗಿ ಕೂಗಿ ಹೇಳಿದ್ದೂ ಇದನ್ನೇ.”