ಹೊಸ ಹಲ್ಲಿಗೆ ಅಗಲವಾದ ಹುತ್ತ

ಹೊಲದ ಬದುವಿನ ಆಚೆಗೊಂದು, ಈಚೆಗೊಂದು ಹುತ್ತವಿತ್ತು. ಎರಡರಲ್ಲೂ ಒಂದೊಂದು ನಾಗರಹಾವು. ಒಂದು ಕಚ್ಚಿದರೆ ಇನ್ನೊಂದು ಸಾಯುವ ಮುಂಚೆ ತಿರುಗಿ ಕಚ್ಚುತ್ತದೆ, ಅಂದರೆ ಎರಡೂ ಸಾಯುತ್ತವೆ. ಆದ್ದರಿಂದ ಯಾವುದೂ ಕಚ್ಚಿರಲಿಲ್ಲ. ಇದನ್ನು ಅವು ಶಾಂತಿ ಎನ್ನುತ್ತಿದ್ದವು.

ಒಂದು ದಿನ ಈಚೆಯ ಹಾವು, ತನ್ನ ಹುತ್ತ ಕಟ್ಟಿದ ಗೆದ್ದಲುಗಳ ಹಿರಿಯಳನ್ನು ಕರೆಯಿತು. "ನೋಡಮ್ಮ, ನನಗೆ ಹಳೆಯ ಹಲ್ಲು ಬಿದ್ದು ಹೊಸ ಹಲ್ಲು ಬಂದಿದೆ. ಅದಕ್ಕೆ ತಕ್ಕಂತೆ ಇನ್ನು ಹೆಡೆ ಬಿಚ್ಚಿಕೊಂಡೇ ಹೊರಗೆ ಚಿಮ್ಮಬೇಕು. ಹುತ್ತದ ಬಾಯಿ ಅಗಲ ಮಾಡಿ."

"ಮಳೆ ಹತ್ತಿರ ಬಂತು ನಾಗಪ್ಪ. ಮಳೆಗೆ ಮೊದಲು ಬಾಯಿ ಮುಚ್ಚುವುದು ನಮ್ಮ ಪದ್ಧತಿ. ಒಳಗೆ ಮರಿಗಳಿವೆ. ಅಷ್ಟಕ್ಕೂ ಆ ಹಲ್ಲಿನಿಂದ ಕಚ್ಚುತ್ತೀರಾ?"

"ಛೆ ಛೆ! ಕಚ್ಚದಿರುವುದಕ್ಕೇ ಈ ಹಲ್ಲು."

"ಹಳೆಯ ಹಲ್ಲಿದ್ದಾಗಲೂ ಕಚ್ಚದೆಯೇ ಇದ್ದಿರಲ್ಲ?"

"ಅದೆಲ್ಲ ನಿನಗೆ ತಿಳಿಯದು. ನಿಮ್ಮ ಮರಿಗಳ ರಕ್ಷಣೆಗಾಗಿಯೇ ಅಲ್ಲವೇ ನಾನು ಇಷ್ಟು ಒದ್ದಾಡುವುದು? ಆಚೆಯವನು ನುಗ್ಗಿದರೆ?"

"ಅವನೂ ಗೆದ್ದಲು ತಿನ್ನುವುದಿಲ್ಲವಲ್ಲ" ಎಂದು ಹಿರಿಯಳು ಗೊಣಗಿದಳು. ಆದರೆ ಹಾವಿನ ಮಾತು ಮೀರುವಂತಿರಲಿಲ್ಲ. ಗೆದ್ದಲುಗಳು ಬಾಯಿಯನ್ನು ಅಗಲ ಮಾಡಿದವು.

ಮೊದಲ ಮಳೆಯ ನೀರು ಆ ಬಾಯಿಯಿಂದ ನೇರವಾಗಿ ಒಳಗೆ ನುಗ್ಗಿತು. ಮರಿಗಳ ಕೋಣೆ ಕುಸಿಯಿತು. ಹಾವು ಹೇಗೋ ಈಜಿಕೊಂಡು ಬದುವಿನ ಮೇಲೆ ಬಂತು. ಅಲ್ಲಿ ಆಚೆಯ ಹಾವೂ ನೆನೆದು ಕುಳಿತಿತ್ತು. ಅದರ ಹುತ್ತವೂ ಕುಸಿದಿತ್ತು. ಅದಕ್ಕೂ ಹೊಸ ಹಲ್ಲು ಬಂದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಎರಡೂ ಒಂದನ್ನೊಂದು ದಿಟ್ಟಿಸಿದವು. ಕಚ್ಚಲಿಲ್ಲ.

ಸತ್ತ ಮರಿಯೊಂದನ್ನು ಹೊತ್ತು ಬಂದ ಹಿರಿಯಳಿಗೆ ಈಚೆಯ ಹಾವು ಹೆಮ್ಮೆಯಿಂದ ಹೇಳಿತು: "ನೋಡಿದೆಯಾ? ಹೊಸ ಹಲ್ಲಿಗೆ ಹೆದರಿ ಅವನು ಸುಮ್ಮನಾದ."